ನನ್ನ ಪರವಾಗಿಲ್ಲ ಅಳಿಯ

ಅಳಿಯ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನಾನು ಬಹಳ ಕಾಲ ಮಾತು ತೇಲಿಸುತ್ತಿದ್ದೆ. ಕಂಪ್ಯೂಟರ್ ಕೆಲಸ ಎಂದರೆ ಅಲ್ಲಿಗೆ ಬಿಡುವ ಜನ ಎಲ್ಲಿದ್ದಾರೆ? ಕಂಪ್ಯೂಟರಿನಲ್ಲಿ ಏನು ಎಂದು ಕೆದಕುತ್ತಾರೆ. ಕೆದಕಿದರೆ ನಿಜ ಹೇಳಬೇಕು. ನಿಜ ಹೇಳಿದರೆ, ಮಗಳನ್ನು ಎಂಥವನಿಗೆ ಕೊಟ್ಟಿರಿ ಎಂದು ಕನಿಕರದಿಂದ ನೋಡುತ್ತಾರೆ. ಮದುವೆ ಮಾತಿಗೆ ಬಂದ ದಿನ ನಾನೇ ಬಾಯಿಬಿಟ್ಟು ಕೇಳಿದ್ದೆ. ಅವನು ಲೋಟ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಕಂಪ್ಯೂಟರ್ ಎಲ್ಲೆಲ್ಲಿ ತಪ್ಪು ಲೆಕ್ಕ ಮಾಡಿದರೂ ನಡೆಯುತ್ತದೆ ಎಂದು ಹುಡುಕಿ, ಅಲ್ಲಲ್ಲಿ ಅದನ್ನು ತಪ್ಪು ಮಾಡಲು ಬಿಡುವುದೇ ತನ್ನ ಕೆಲಸ ಎಂದ. ನಾನು ಮಗಳ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಇದಕ್ಕೆ ಸಂಬಳ ಬೇರೆ ಕೊಡುತ್ತಾರೆಯೇ ಎಂದು ಕೇಳಿದ್ದಕ್ಕೆ, ಕೊಡುತ್ತಾರೆ, ಪರವಾಗಿಲ್ಲ ಎಂದ.

ಆ ಪರವಾಗಿಲ್ಲ ಎಂಬ ಮಾತು ಅವನ ನಾಲಿಗೆಗೆ ಅಂಟಿಕೊಂಡೇ ಹುಟ್ಟಿದೆಯೋ ಏನೋ. ಊಟ ಹೇಗಿದೆ ಎಂದರೆ ಪರವಾಗಿಲ್ಲ. ತಟ್ಟೆ ಬಿದ್ದು ಒಡೆದರೆ ಪರವಾಗಿಲ್ಲ. ಒಮ್ಮೆ ನಾನು ಅವನ ಕಾಲ ಮೇಲೆ ಬಿಸಿನೀರು ಚೆಲ್ಲಿದೆ, ಒಂಟಿ ಕಾಲಲ್ಲಿ ಕುಣಿಯುತ್ತಲೇ ಪರವಾಗಿಲ್ಲ ಅತ್ತೆ ಎಂದ. ಹೊಗಳುವುದಕ್ಕೂ ಅದೇ, ಕ್ಷಮಿಸುವುದಕ್ಕೂ ಅದೇ. ಆಫೀಸಿನಲ್ಲೂ ಅವನಿಗೆ ಅದೇ ಅಡ್ಡಹೆಸರು ಬಿದ್ದಿದೆ ಎಂದು ಮಗಳು ಹೇಳಿದಾಗ, ಸದ್ಯ ನಾನೊಬ್ಬಳೇ ಅನುಭವಿಸುತ್ತಿಲ್ಲ ಎಂದು ಸಮಾಧಾನವಾಯಿತು. ಎದುರಿಗೆ ನಾನು ಅವನನ್ನು ನೀವು ಎಂದೇ ಮಾತಾಡಿಸುತ್ತೇನೆ. ಬೆನ್ನ ಹಿಂದೆ ಅವನು, ಇವನು. ಅಳಿಯನಿಗೆ ಮರ್ಯಾದೆ ಎದುರಿಗೆ ಸಿಕ್ಕರೆ ಸಾಲದೇ?

ನಾನು ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ, ಮಗಳು ಅಳಿಯ ಇರುವುದು ಮಹಡಿಯ ಮೇಲೆ. ನಾನು ಹೊಲಿದ ಬಟ್ಟೆಯನ್ನು ಯಾರಾದರೂ ಮರೆತು ಒಳಹೊರಗಾಗಿ ಹಾಕಿಕೊಂಡು ಹೋದರೂ ಬೀದಿಯಲ್ಲಿ ಯಾರಿಗೂ ಗೊತ್ತಾಗಬಾರದು, ಹಾಗೆ ಒಳಗಿನ ಅಂಚನ್ನೂ ಮಡಿಸಿ ಹೊಲಿಯುತ್ತೇನೆ. ಅಂಥವಳ ಮನೆಗೆ ಅಳಿಯನಾಗಿ ಬಂದವನು ಶರ್ಟಿನ ಕಾಲರಿಗೂ ಎದೆಯ ಭಾಗಕ್ಕೂ ಮಾತ್ರ ಇಸ್ತ್ರಿ ಹಾಕುತ್ತಾನೆ. ಬೆನ್ನಿಗೆ ಯಾಕಿಲ್ಲ ಎಂದರೆ ಮೇಲೆ ಸ್ವೆಟರ್ ಬರುತ್ತದಂತೆ. ಸೆಕೆಯಾಗಿ ಸ್ವೆಟರ್ ತೆಗೆದರೆ? ತೆಗೆಯುವುದಿಲ್ಲವಂತೆ. ಕಾಲುಚೀಲಕ್ಕೆ ಜೋಡಿ ಹುಡುಕುವುದಿಲ್ಲ, ಬೂಟಿನೊಳಗೆ ಯಾರು ಇಣುಕಿ ನೋಡುತ್ತಾರೆ ಎನ್ನುತ್ತಾನೆ. ಮಹಡಿಯ ಮನೆಗೆ ತಾನೇ ಬಣ್ಣ ಬಳಿದಾಗ ಬೀರುವಿನ ಹಿಂದಿನ ಗೋಡೆಯನ್ನು ಹಾಗೇ ಬಿಟ್ಟಿದ್ದ. ಮಗಳು ಬೀರುವಿನ ಜಾಗ ಬದಲಿಸಿದ ದಿನ ನೋಡಿದರೆ ಗೋಡೆಯ ಮೇಲೆ ಹಳೇ ಬಣ್ಣದ ಇನ್ನೊಂದು ಬೀರು ನಿಂತಿದೆ. ನನಗೆ ಮೈಯೆಲ್ಲ ಉರಿದುಹೋಯಿತು.

ಹಾಗಂತ ಸೋಮಾರಿ ಎನ್ನೋಣವೆಂದರೆ ಅದಕ್ಕೂ ಬಿಡುವುದಿಲ್ಲ ಆಸಾಮಿ. ಗ್ಯಾಸ್ ಆರಿಸಿದೆಯೋ ಇಲ್ಲವೋ ಎಂದು ಬಂದು ಬಂದು ನೋಡುತ್ತಾನೆ. ನಮ್ಮ ಯಜಮಾನರ ಮಾತ್ರೆಯ ಹೆಸರನ್ನು ಅಂಗಡಿಯಲ್ಲೊಮ್ಮೆ ಓದಿ, ಮನೆಗೆ ಬಂದು ಓದಿ, ಅವರು ಬಾಯಿ ತೆರೆದುಕೊಂಡು ಕಾಯುತ್ತಿರುವಾಗ ಇನ್ನೊಮ್ಮೆ ಓದುತ್ತಾನೆ. ಅಷ್ಟರಲ್ಲಿ ಅವರಿಗೆ ಆಕಳಿಕೆ ಬಂದಿರುತ್ತದೆ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, ನಿಮ್ಮ ರೀತಿನೀತಿ ಏನು ಎಂದು. ಅವನು ನನ್ನ ಕತ್ತರಿಸುವ ಮೇಜಿನ ಪಕ್ಕ ಕೂತು ಬಿಡಿಸಿ ಹೇಳಿದ. ಕಂಪ್ಯೂಟರಿನ ಹೊಟ್ಟೆಯಲ್ಲಿರುವುದನ್ನು ಅವನು ಚಿಪ್ ಎನ್ನುತ್ತಾನೆ, ನನ್ನ ಬಾಯಲ್ಲಿ ಅದು ಚಿಪ್ಪು. ಚಿಪ್ಪಿಗೆ ಪೂರ್ತಿ ಕರೆಂಟು ಕೊಟ್ಟರೆ ಲೆಕ್ಕವೆಲ್ಲ ಸರಿ ಬರುತ್ತದೆ. ಕರೆಂಟಿನ ಒತ್ತಡ ಸ್ವಲ್ಪ ಇಳಿಸಿದರೆ ಬ್ಯಾಟರಿ ಉಳಿಯುತ್ತದೆ, ಆದರೆ ಹಸಿದ ಕೆಲಸಗಾರನ ಹಾಗೆ ಅದು ಆಗೀಗ ಎಡವುತ್ತದೆ. ಇವರ ಚಿಪ್ಪಿನಲ್ಲಿ ಹೊಟ್ಟೆ ತುಂಬಿದ ಭಾಗವೂ ಇದೆ, ಅರೆಹೊಟ್ಟೆಯ ಭಾಗವೂ ಇದೆ. ಫೋಟೋದ ಆಕಾಶದಲ್ಲಿ ಒಂದು ಚುಕ್ಕೆಯ ನೀಲಿ ಹೆಚ್ಚು ಕಡಿಮೆಯಾದರೆ ಯಾರ ಗಂಟು ಹೋಯಿತು? ಆದರೆ ಫೋಟೋವನ್ನು ಎಲ್ಲಿ ಇಟ್ಟಿದ್ದೇವೆ ಎಂಬ ಲೆಕ್ಕ ತಪ್ಪಿದರೆ ಫೋಟೋವೇ ಹೋಯಿತು. ಯಾವ ಲೆಕ್ಕ ಯಾವ ಭಾಗಕ್ಕೆ ಎಂದು ಹಂಚುವುದು ಕಂಪೈಲರ್ ಎಂಬ ಪ್ರೋಗ್ರಾಮು. ಮನುಷ್ಯರು ಬರೆದದ್ದನ್ನು ಚಿಪ್ಪಿಗೆ ತಿಳಿಯುವ ಹಾಗೆ ತಿರುಗಿಸಿ ಕೊಡುವುದು ಅದೇ. ಅದನ್ನು ಬರೆಯುವವನು ನಮ್ಮ ಅಳಿಯ. ಅವನ ಕಂಪೈಲರ್ ಒಂದೊಂದು ಲೆಕ್ಕವನ್ನೂ ಬೇಕೆಂದೇ ಚೂರು ಕೆಡಿಸಿ ನೋಡುತ್ತದೆ. ಕೊನೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಆ ಲೆಕ್ಕಕ್ಕೆ ‘ಪರವಾಗಿಲ್ಲ’ ಎಂದು ಗುರುತು ಹಾಕಿ ಅರೆಹೊಟ್ಟೆಯ ಕಡೆಗೆ ತಳ್ಳುತ್ತದೆ. ವ್ಯತ್ಯಾಸ ಕಂಡರೆ ‘ಹುಷಾರ್’ ಎಂದು ಗುರುತು ಹಾಕಿ ಪೂರ್ತಿ ಕರೆಂಟಿನ ಕಡೆಗೆ ಕಳಿಸುತ್ತದೆ. ಗುರುತಿನ ಹೆಸರುಗಳನ್ನು ಇಟ್ಟವನೂ ಅವನೇ, ಬೇರೆ ಯಾರು ಇಟ್ಟಾರು.

ಅಂದರೆ ಒಳಹೊಲಿಗೆ ಬಿಟ್ಟುಬಿಡುವ ಕೆಲಸ ಎಂದೆ. ಅವನು ಸ್ವಲ್ಪ ಯೋಚಿಸಿ, ಯಾವ ಒಳಹೊಲಿಗೆ ಬಿಟ್ಟರೆ ಬಟ್ಟೆ ಬಿಚ್ಚಿಕೊಳ್ಳುವುದಿಲ್ಲ ಎಂದು ಗೊತ್ತಿರಬೇಕು ಅಷ್ಟೇ ಎಂದ. ನನ್ನ ಅಂಗಡಿಯಲ್ಲಿ ಕೂತು ಆಡುವ ಮಾತೇ ಅದು? ಮೆಷಿನ್ ಜೋರಾಗಿ ತುಳಿದು ಅವನನ್ನು ಎಬ್ಬಿಸಿ ಕಳಿಸಿದೆ.

ಇನ್ನು ನಮ್ಮ ಯಜಮಾನರು. ಅವರು ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿದೆ ಎಂದು ಮೈಕಿನಲ್ಲಿ ಕೂಗುವ ಕೆಲಸದಲ್ಲಿದ್ದರು. ಮೈಕು ಬರೀ ಅಲಂಕಾರಕ್ಕೆ, ಕರೆಂಟು ಹೋದ ದಿನವೂ ಯಾರೂ ಬಸ್ಸು ತಪ್ಪಿಸಿಕೊಂಡಿರಲಿಲ್ಲ. ಮನೆಯಲ್ಲೂ ಅದೇ ಗಂಟಲು. ಸ್ನಾನಕ್ಕೆ ಹೋಗ್ತಿದೀನಿ ಎಂದರೆ ಎದುರುಮನೆಯವರಿಗೂ ತಿಳಿಯುತ್ತಿತ್ತು, ಸೋಪು ಮುಗಿದಿದೆ ಎಂದರೆ ಮೂಲೆ ಅಂಗಡಿಯವನು ಎತ್ತಿಡುತ್ತಿದ್ದ. ಗುಟ್ಟು ಎಂಬ ವಸ್ತು ನಮ್ಮ ಮನೆಯಲ್ಲಿ ಇರಲೇ ಇಲ್ಲ. ನಿವೃತ್ತಿಯಾದ ಮೇಲೆ ಅದೇ ಗಂಟಲಿನಲ್ಲಿ ಏನೋ ಗಡ್ಡೆ ಬೆಳೆದು ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಪಿಸುಮಾತು ಒಂದೇ. ಇತ್ತ ಜೀವಮಾನವೆಲ್ಲ ಮೆಷಿನ್ನಿನ ಸದ್ದು ಕೇಳಿ ಕೇಳಿ ನನ್ನ ಕಿವಿ ಅದೇ ಹೊತ್ತಿಗೆ ಕೈಕೊಟ್ಟಿತು. ಒಬ್ಬರಿಗೆ ಗಂಟಲಿಲ್ಲ, ಒಬ್ಬಳಿಗೆ ಕಿವಿಯಿಲ್ಲ. ಬಂದವರೆಲ್ಲ ಒಂದು ಮಾತು ಎದುರಾಡದೆ ಎಷ್ಟು ಅನ್ಯೋನ್ಯವಾಗಿದ್ದಾರೆ ಎಂದು ಹೊಗಳಿ ಹೋಗುತ್ತಿದ್ದರು.

ಬರೆದು ತೋರಿಸಬಹುದಲ್ಲ ಎನ್ನುವವರಿಗೆ ನನ್ನದೊಂದು ಮಾತು: ಜಗಳವನ್ನು ಬರೆದು ಆಡಿ ನೋಡಿ. ಅವರು ಕನ್ನಡಕ ಹುಡುಕಿ, ಪೆನ್ನು ಹುಡುಕಿ, ಬರೆದು ಮುಗಿಸುವಷ್ಟರಲ್ಲಿ ನನ್ನ ಸಿಟ್ಟು ಇಳಿದಿರುತ್ತಿತ್ತು. ಇಳಿದ ಸಿಟ್ಟಿಗೆ ಉತ್ತರ ಓದಿ ಏನು ಮಾಡುವುದು? ಹೇಳಿದರೆ ನಗಬೇಡಿ, ಅವರ ಗೊಣಗಾಟ ಇಲ್ಲದೆ ನನಗೆ ಮನೆ ಬಿಕೋ ಎನ್ನುತ್ತಿತ್ತು.

ಅಂಗಡಿಯಲ್ಲಿ ಸಿಗುವ ಕಿವಿಯಂತ್ರ ತಂದು ಹಾಕಿಕೊಂಡೆ. ಬಾಗಿಲು ಬಡಿದದ್ದು ಕೇಳಿತು, ಚಮಚ ಬಿದ್ದದ್ದು ಕೇಳಿತು, ಪಕ್ಕದ ಮನೆಯವರು ನನ್ನ ಬಗ್ಗೆ ಆಡಿಕೊಂಡದ್ದೂ ಕೇಳಿತು. ಗಂಡನ ಮಾತು ಮಾತ್ರ ಕೇಳಲಿಲ್ಲ. ಪಿಸುಮಾತು ಆ ಯಂತ್ರಕ್ಕೆ ಫ್ಯಾನಿನ ಗಾಳಿಯಂತೆ ಕಾಣುತ್ತದಂತೆ, ಬೇಡದ ಸದ್ದು ಎಂದು ಒರೆಸಿ ಹಾಕುತ್ತದಂತೆ. ಅಳಿಯ ಇದನ್ನು ನೋಡುತ್ತಲೇ ಇದ್ದ. ಅವನ ಆಫೀಸಿನವರೂ ಆಗ ಕಿವಿಯಂತ್ರಕ್ಕೆ ಒಂದು ಚಿಪ್ಪು ಮಾಡುತ್ತಿದ್ದರು. ಗಾಳಿಯ ಸದ್ದಿನಿಂದ ಪಿಸುಮಾತನ್ನು ಹೆಕ್ಕಿ ತೆಗೆಯುವ ಪ್ರೋಗ್ರಾಮನ್ನು ಅವನ ಜೊತೆಯವರು ಬರೆದಿದ್ದರು. ಪರೀಕ್ಷೆ ಮಾಡಲು ಒಂದು ಕಿವಿ ಬೇಕಿತ್ತು. ಅತ್ತೆಯ ಕಿವಿ ಇದೆಯಲ್ಲ ಎಂದು ಅವನು ಆಫೀಸಿನಲ್ಲಿ ಹೇಳಿ ಬಂದಿದ್ದ.

ಮೊದಲ ದಿನ ಅದನ್ನು ಹಾಕಿಕೊಂಡು ಕೂತಾಗ ನಮ್ಮವರು ಎದುರಿಗೆ ಬಗ್ಗಿ, ಕೇಳಿಸ್ತಾ ಎಂದರು. ಕೇಳಿಸಿತು. ನನಗೆ ಅಳು ತಡೆಯಲಾಗಲಿಲ್ಲ. ಅತ್ತು ಮೂಗು ಒರೆಸಿಕೊಂಡು ಮಾತಿಗೆ ಕೂರುವಷ್ಟರಲ್ಲಿ ಯಂತ್ರ ಸತ್ತುಹೋಯಿತು. ಪಿಸುಮಾತು ಹೆಕ್ಕಲು ಬೆಟ್ಟದಷ್ಟು ಲೆಕ್ಕ ಮಾಡಬೇಕಂತೆ, ಕಡಲೆಕಾಳಿನಷ್ಟು ಬ್ಯಾಟರಿ ಅರ್ಧ ಗಂಟೆಗೆ ಖಾಲಿ. ಮಾರನೆಯ ದಿನದಿಂದ ನಮ್ಮವರು ಆ ಅರ್ಧ ಗಂಟೆಯನ್ನು ನಿಲ್ದಾಣದ ಕೆಲಸದಂತೆ ಬಳಸತೊಡಗಿದರು. ನಲ್ಲಿ ಸೋರ್ತಿದೆ, ನಿನ್ನ ತಮ್ಮ ಫೋನ್ ಮಾಡಿದ್ದ, ಕೋಟು ಕೊಟ್ಟವರು ನಾಳೆ ಬರ್ತಾರಂತೆ, ಮುಗೀತು. ನನಗೆ ಬೇಕಾಗಿದ್ದು ವರದಿಯಲ್ಲ, ಮಾತು. ಸುಮ್ಮಸುಮ್ಮನೆ ಆಡುವ ಮಾತು, ಹಳೆಯದನ್ನು ಕೆದಕುವುದು, ನಾನು ಒಂದು ಅಂದರೆ ಅವರು ಎರಡು ಅನ್ನುವುದು. ಅದಕ್ಕೆಲ್ಲ ಅರ್ಧ ಗಂಟೆ ಯಾವ ಮೂಲೆಗೆ ಸಾಲುತ್ತದೆ?

ಅಳಿಯನಿಗೆ ಹಾಗೇ ಹೇಳಿದೆ. ಅವನು ಬೆಳಗ್ಗೆಯಿಂದ ಸಂಜೆಯ ತನಕ ಬರುವ ಹಾಗೆ ಮಾಡುತ್ತೇನೆ ಎಂದ. ಮಾಡದಿದ್ದರೆ ಏನಾಗುತ್ತದೆ ಎಂದು ಮಗಳು ಆಮೇಲೆ ತಿಳಿಸಿದಳು. ಅವರ ಮ್ಯಾನೇಜರಮ್ಮ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಯಂತ್ರ ಇಡೀ ದಿನ ನಡೆಯದಿದ್ದರೆ ಕಿವಿಯ ಕೆಲಸವನ್ನೇ ಕೈಬಿಟ್ಟು, ಚಿಪ್ಪನ್ನು ಮಾತಾಡುವ ಗೊಂಬೆ ಮಾಡುವವರಿಗೆ ಕೊಡುತ್ತಾರಂತೆ. ನನ್ನ ಗಂಡನ ಮಾತು ಹೋಗಿ ಗೊಂಬೆಯ ಹೊಟ್ಟೆ ಸೇರುತ್ತದೆ, ನಮ್ಮ ಕೈಗೆ ಮಾತ್ರ ಚಿಪ್ಪು. ನನಗೆ ಅವತ್ತು ಊಟ ಸೇರಲಿಲ್ಲ.

ಅಳಿಯ ಹಗಲೆಲ್ಲ ಕಂಪೈಲರ್ ಹಿಡಿದು ಕೂತ. ಬೆಟ್ಟದಷ್ಟು ಲೆಕ್ಕದಲ್ಲಿ ಬಹುಪಾಲಿಗೆ ‘ಪರವಾಗಿಲ್ಲ’ ಗುರುತು ಬಿತ್ತು. ಹೊಸದಾಗಿ ತಿರುಗಿಸಿದ ಪ್ರೋಗ್ರಾಮು ತುಂಬಿಕೊಂಡು ಯಂತ್ರ ನನ್ನ ಕಿವಿಗೆ ಬಂತು. ಬೆಳಗ್ಗೆ ಹಾಕಿದ್ದು ಸಂಜೆಯಾದರೂ ಜೀವಂತ. ಆಫೀಸಿನಲ್ಲಿ ಅವರದೇ ಅಳತೆ ಮಾಡಿ, ಮಾತಿನಲ್ಲಿ ವ್ಯತ್ಯಾಸ ಏನೇನೂ ಇಲ್ಲ ಎಂದು ಮ್ಯಾನೇಜರಮ್ಮ ಅಳಿಯನ ಬೆನ್ನು ತಟ್ಟಿದರಂತೆ. ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು.

ಆದರೆ ನಮ್ಮವರ ಮಾತಿಗೆ ಬಾಲ ಇರಲಿಲ್ಲ. ಶುರು ಚೆನ್ನಾಗಿ ಕೇಳುತ್ತಿತ್ತು, ನಡು ಚೆನ್ನಾಗಿ ಕೇಳುತ್ತಿತ್ತು, ಕೊನೆಗೆ ಬಂದರೆ ಬರೀ ಹುಸ್ ಎಂಬ ಸದ್ದು. ವಯಸ್ಸಾಯಿತು, ಮಾತು ನುಂಗುತ್ತಿದ್ದಾರೆ ಎಂದುಕೊಂಡು ನಾನೇ ಕೊನೆ ತುಂಬಿಸಿಕೊಳ್ಳತೊಡಗಿದೆ. ನಮ್ಮ ಭಾಷೆಯ ಪಾಡು ನಿಮಗೆ ಗೊತ್ತಲ್ಲ, ಇರುವುದೆಲ್ಲ ಬಾಲದಲ್ಲಿ. ಬಂದಾನೋ ಬಂದಾಳೋ, ಆಯಿತೋ ಆಗಲಿಲ್ಲವೋ, ಬೇಕೋ ಬೇಡವೋ, ಎಲ್ಲ ತಿಳಿಯುವುದು ಬಾಯಿ ಮುಚ್ಚುವ ಹೊತ್ತಿಗೆ. ಅದನ್ನು ತುಂಬಿಸುವ ಕೆಲಸ ನನ್ನಂಥವಳ ಕೈಗೆ ಸಿಕ್ಕರೆ, ಯಾವುದನ್ನು ಹಾಕಿದರೆ ಜಗಳವಾಗುತ್ತದೋ ಅದೇ ಬಂದು ಕೂರುತ್ತದೆ.

ಸೋರುವ ನಲ್ಲಿಗೆ ಪ್ಲಂಬರ್ ಬಂದ ದಿನ ಅವನು ಸಿಂಕಿನ ಕೆಳಗೆ ತಲೆ ತೂರಿಸಿ ಪೈಪು ಬಿಚ್ಚಿದ್ದ. ನಾನು ನೀರು ಬರದಂತೆ ಮುಚ್ಚಿದ್ದ ದೊಡ್ಡ ವಾಲ್ವಿನ ಹತ್ತಿರ ನಿಂತಿದ್ದೆ. ನಮ್ಮವರು ಓಡಿಬಂದು, ಅದನ್ನ ಈಗ್ಲೇ ತಿರುಗಿಸ್ಬೇ... ಎಂದರು. ಬೇಕು ಅಂತ ತಾನೇ? ತಿರುಗಿಸಿದೆ. ಪ್ಲಂಬರ್ ಹೊರಗೆ ಬಂದಾಗ ಅವನ ಮೀಸೆಯಿಂದ ನೀರು ಇಳಿಯುತ್ತಿತ್ತು. ಬೇಡ ಎಂದರೂ ಕೇಳದ ಹೆಂಗಸು ಎಂದು ಅವನು ಬೀದಿಯೆಲ್ಲ ಹೇಳಿಕೊಂಡು ಹೋದ. ನಮ್ಮವರು ನೆಲ ಒರೆಸುತ್ತ ನನ್ನನ್ನು ಸಮಾಧಾನ ಮಾಡಲು ಪರವಾಗಿಲ್ಲ ಬಿಡು ಎಂದರಂತೆ. ನನಗೆ ಕೇಳಿದ್ದು ಪರವಾಗಿ. ಯಾರ ಪರವಾಗಿ, ಆ ಪ್ಲಂಬರ್ ಪರವಾಗಿಯೇ ಎಂದು ನಾನು ತಿರುಗಿಬಿದ್ದೆ. ಅಳಿಯನ ಮಾತನ್ನು ನಮ್ಮವರೂ ಕಲಿತಿದ್ದಾರೆ ಎಂದು ಆಗ ನನಗೇನು ಗೊತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಒಂದು ಸಂಜೆ ನಾನು ಯಾರದೋ ಕೋಟಿನ ತೋಳು ಜೋಡಿಸುತ್ತಿದ್ದೆ. ನಮ್ಮವರು ಗಿರಾಕಿಗಳ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಬ್ಯಾಟರಿಯ ಚಿಂತೆಯಿಲ್ಲದೆ, ವರದಿಯಿಲ್ಲದೆ, ಸುಮ್ಮನೆ ಕೂತಿದ್ದರು. ನಾನು ಬಯಸಿದ್ದು ಇಂಥ ಸಂಜೆಯನ್ನೇ. ಆಗ ಅವರಾಗಿಯೇ ಬಾಯಿಬಿಟ್ಟರು.

"ಮೊದಲನೇ ಸಲ ನಿನ್ನ ಅಂಗಡಿಗೆ ಬಂದಾಗ ನೀನು ನಂಗೆ ಇಷ್ಟ ಆ..."

ಆ ಎಂದು ಬಂತು, ಮುಂದೆ ಹುಸ್. ಆದೆ ಎಂದಿದ್ದರೂ ಹಾಗೇ ಕೇಳುತ್ತಿತ್ತು, ಆಗಲಿಲ್ಲ ಎಂದಿದ್ದರೂ ಹಾಗೇ ಕೇಳುತ್ತಿತ್ತು. ನನ್ನ ಮನಸ್ಸು ತನ್ನ ಅಭ್ಯಾಸದಂತೆ ಆಗಲಿಲ್ಲ ಎಂಬುದನ್ನೇ ತಂದು ಇಟ್ಟಿತು. ಇಷ್ಟು ವರ್ಷ ಜೊತೆಗೆ ಬಾಳಿ, ಸುಮ್ಮನೆ ಮಾತಾಡಿ ಎಂದರೆ ಹೇಳುವುದು ಇದನ್ನೇ? ಯಂತ್ರ ಕಿತ್ತು ಡ್ರಾಯರಿನಲ್ಲಿ ಹಾಕಿ, ನಾನೇನು ನಿಮ್ಮ ದಾರಿ ಕಾಯುತ್ತ ಕೂತಿರಲಿಲ್ಲ ಎಂದು ಹೇಳಿ ಎದ್ದು ಹೋದೆ. ಆಮೇಲೆ ಅವರ ಜೊತೆ ಮಾತು ಬಿಟ್ಟೆ.

ಮಗಳು ಮಧ್ಯೆ ಬಂದಳು. ಆದೆ ಅಂದ್ರೋ ಆಗ್ಲಿಲ್ಲ ಅಂದ್ರೋ, ಬರೆದುಕೊಡಿ ಅಪ್ಪ ಎಂದು ಪೆನ್ನು ಹಿಡಿಸಿದಳು. ಅವರು ಪೆನ್ನು ಪಕ್ಕಕ್ಕಿಟ್ಟು, ಅವಳಿಗೆ ಹೇಳಿದ್ದು, ಅವಳಿಗೇ ಕೇಳಿಸಲಿ ಎಂದು ಮುಖ ತಿರುಗಿಸಿಕೊಂಡರಂತೆ. ಅವರದೂ ಸಿಟ್ಟೇ. ಪೂರ್ತಿ ಕೇಳದೆ ಎದ್ದು ಹೋದಳಲ್ಲ ಎಂದು. ಮುಖ ಊದಿಸಿಕೊಂಡು ನಾನು ಮುಂದಿನ ಕೋಣೆಯಲ್ಲಿ, ಅವರು ಹಿಂದಿನ ಕೋಣೆಯಲ್ಲಿ. ಈ ಸಲ ಅನ್ಯೋನ್ಯ ಎಂದು ಯಾರೂ ಹೊಗಳಲಿಲ್ಲ.

ಅಳಿಯ ಆಗ ಸುಮ್ಮನಿದ್ದಿದ್ದರೆ ಅವನಿಗೇನೂ ನಷ್ಟವಿರಲಿಲ್ಲ. ಆಫೀಸಿನ ಅಳತೆಯಲ್ಲಿ ಎಲ್ಲ ಸರಿಯಿತ್ತು, ಮ್ಯಾನೇಜರಮ್ಮ ಒಪ್ಪಿ ಆಗಿತ್ತು, ಬಾಯಿ ಮುಚ್ಚಿಕೊಂಡು ಒಪ್ಪಿಸಿಬಿಟ್ಟರೆ ಮುಗಿಯಿತು. ಅತ್ತೆ ಮಾವ ಜಗಳವಾಡಿದರೆ ಯಾವ ಅಳಿಯನ ತಲೆ ಹೋಗುತ್ತದೆ? ಅವನು ಬಂದು ಡ್ರಾಯರಿನಿಂದ ಯಂತ್ರ ತೆಗೆದು ನನ್ನ ಕೈಗೆ ಕೊಟ್ಟು, ಮಾವನನ್ನು ಕರೆದು ಎದುರಿಗೆ ಕೂರಿಸಿದ. ಮಾವ ಏನಾದರೂ ಹೇಳುವುದು, ನನಗೆ ಕೇಳಿದ್ದನ್ನು ನಾನು ಅಳಿಯನಿಗೆ ಒಪ್ಪಿಸುವುದು. ಮಗಳು ಇವತ್ತು ಬೇಗ ಬರ್ತಾಳೆ ಎಂದರು, ಬರಲ್ಲವಂತೆ ಎಂದೆ. ಕಿಟಕಿ ಮುಚ್ಚಿದೆ ಎಂದರು, ಮುಚ್ಚಿಲ್ಲವಂತೆ ಎಂದೆ. ಅಳಿಯಂದ್ರು ಒಳ್ಳೆಯವರು ಎಂದರು. ಒಳ್ಳೆಯವರಲ್ಲವಂತೆ, ನಾನೂ ಅದನ್ನೇ ಹೇಳೋದು ಎಂದೆ.

ಅಳಿಯ ಹಣೆ ಹಣೆ ಚಚ್ಚಿಕೊಂಡ. ಲ್ಯಾಪ್‌ಟಾಪ್ ತೆರೆದು, ಯಾವ ಲೆಕ್ಕಕ್ಕೆ ಯಾವ ಗುರುತು ಬಿದ್ದಿದೆ ಎಂದು ಒಂದೊಂದಾಗಿ ನೋಡುತ್ತ ಹೋದ. ಮಾತಿನ ಕೊನೆಗೆ ಸಂಬಂಧಿಸಿದ್ದಕ್ಕೆಲ್ಲ ಸಾಲಾಗಿ ‘ಪರವಾಗಿಲ್ಲ’. ಅವನ ಕಂಪೈಲರ್ ವ್ಯತ್ಯಾಸ ಅಳೆಯುತ್ತಿದ್ದದ್ದು ಸದ್ದಿನ ಜೋರಿನಿಂದ. ಮಾತಿನ ಶುರುವಿನಲ್ಲಿ ಉಸಿರು ತುಂಬಿರುತ್ತದೆ, ಸದ್ದು ಜೋರು. ಕೊನೆಗೆ ಬರುವಷ್ಟರಲ್ಲಿ ಉಸಿರು ತೀರಿ ಸದ್ದು ಸೊರಗಿರುತ್ತದೆ, ಪಿಸುಮಾತಿನಲ್ಲಂತೂ ಇದೆಯೋ ಇಲ್ಲವೋ ಎಂಬಷ್ಟು. ಇಷ್ಟು ಸಣ್ಣ ಸದ್ದು ಕೆಟ್ಟರೆ ಏನು ಮಹಾ ಎಂದು ಕಂಪೈಲರ್ ಅದನ್ನೆಲ್ಲ ಅರೆಹೊಟ್ಟೆಯ ಕಡೆಗೆ ತಳ್ಳಿತ್ತು. ಪರೀಕ್ಷೆಗೆಂದು ಆಫೀಸಿನವರು ಮರ, ಮನೆ, ಮೇಜು, ಕುರ್ಚಿ ಎಂದು ಬಿಡಿಬಿಡಿ ಪದ ಓದಿಸಿದ್ದರಂತೆ. ಕುರ್ ಎಂದರೂ ಕುರ್ಚಿಯೇ ತಾನೇ, ಯಾರಿಗೂ ತಪ್ಪು ಕಾಣಲಿಲ್ಲ. ಇಲ್ಲ, ಅಲ್ಲ, ಬೇಡ ಎಂದು ಅಲ್ಲಿ ಒಬ್ಬರೂ ಹೇಳಿರಲಿಲ್ಲ. ಆಫೀಸಿನಲ್ಲಿ ಹಾಗೆ ಹೇಳಿ ಅಭ್ಯಾಸವಿರಲಿಲ್ಲವೋ ಏನೋ.

ಬೆನ್ನಿಗೆ ಇಸ್ತ್ರಿ ಹಾಕದೇ ಇದ್ದಾಗಲೇ ನನಗೆ ಗೊತ್ತಿತ್ತು ಎಂದೆ. ಬಿಡುವುದುಂಟೇ ಅಂಥ ಅವಕಾಶ? ಅವನು ತಲೆಯೆತ್ತಿ ನನ್ನನ್ನು ನೋಡಿದ. ಕಣ್ಣು ಕೆಂಪಾಗಿತ್ತು.

"ಇದು ಪರವಾಗಿಲ್ಲ ಅನ್ನೋ ವಿಷ್ಯ ಅಲ್ಲ ಅತ್ತೆ," ಎಂದ. "ನಂದೇ ತಪ್ಪು. ಸರಿ ಮಾಡಿಕೊಡ್ತೀನಿ."

ಅವನ ಬಾಯಿಂದ ಆ ಮಾತು ಕೇಳಿ ಮಗಳು ಹಿಡಿದಿದ್ದ ಲೋಟ ಅಲ್ಲೇ ನಿಂತಿತು. ನನಗೂ ಮುಂದೆ ಹಂಗಿಸಲು ಮನಸ್ಸು ಬರಲಿಲ್ಲ.

ಅವನು ಆಫೀಸಿಗೆ ಹೋಗಿ, ಒಪ್ಪಿಕೊಂಡಿದ್ದ ಮ್ಯಾನೇಜರಮ್ಮನ ಎದುರು ನಿಂತು ಇದು ಸರಿಯಿಲ್ಲ ಎಂದನಂತೆ. ಅವರು, ಸರಿಯಿದೆ ಎಂದು ನಾನೇ ಹೇಳುತ್ತಿರುವಾಗ ನಿನಗೇನು ಕಷ್ಟ ಎಂದರಂತೆ. ಗಡುವು ಮಾತ್ರ ಮುಂದೆ ಹಾಕಲಾಗದು, ಸರಿ ಮಾಡಲು ಹೋಗಿ ಬ್ಯಾಟರಿ ಸಂಜೆಗೆ ಮುಂಚೆ ಸತ್ತರೆ ಗೊಂಬೆಯೇ ಗತಿ ಎಂದರಂತೆ. ಕೊನೆಗಳಿಗೆಲ್ಲ ‘ಹುಷಾರ್’ ಗುರುತು ಹಾಕುವುದು ಸುಲಭ, ಆದರೆ ಹಾಕಿದಷ್ಟೂ ಕರೆಂಟು ತಿನ್ನುತ್ತದೆ. ಹಾಗಾಗಿ ಬೇರೆಲ್ಲಿ ಉಳಿಸುವುದು ಎಂದು ಹುಡುಕಬೇಕಾಯಿತು. ಅವನು ಮಾವನ ಬೆನ್ನುಹತ್ತಿ ಅವರ ಮಾತು ಕೇಳುತ್ತ ಅಲೆದ. ಕೇಳಿ ಕೇಳಿ, ಅವರು ಅಯ್ಯೋಓಓ ಎಂದು ಎಳೆಯುವುದು, ಆಆಆ ಎಂದು ಯೋಚಿಸುವುದು, ಹ್ಞೂಂ ಎಂದು ರಾಗ ತೆಗೆಯುವುದು, ಇವೇ ಅರ್ಧ ಬ್ಯಾಟರಿ ನುಂಗುತ್ತಿವೆ ಎಂದು ಕಂಡುಹಿಡಿದ. ಜೋರಾದ ಸದ್ದು ಎಂದು ಕಂಪೈಲರ್ ಅವಕ್ಕೆಲ್ಲ ‘ಹುಷಾರ್’ ಹಾಕಿ ರಾಜೋಪಚಾರ ಮಾಡುತ್ತಿತ್ತಂತೆ. ಅಯ್ಯೋ ಎಷ್ಟು ಉದ್ದ ಕೆಟ್ಟರೂ ಅಯ್ಯೋನೇ ಎಂದು ಅವನು ಅದನ್ನು ಅರೆಹೊಟ್ಟೆಗೆ ತಳ್ಳಿದ. ಇನ್ನು ಮುಂದೆ ಸದ್ದಿನ ಜೋರು ನೋಡಬೇಡ, ಯಾವುದು ಕೆಟ್ಟರೆ ಮಾತಿನ ಅರ್ಥ ಮಗುಚುತ್ತದೆ ಎಂದು ನೋಡು ಎಂದು ಕಂಪೈಲರಿಗೆ ಕಲಿಸಿದ. ಹೆಂಡತಿಗೆ ಕಲಿಸುವ ಗಂಡಸರು ಬೇಕಾದಷ್ಟಿದ್ದಾರೆ, ಕಂಪೈಲರಿಗೆ ಕಲಿಸಿದವನು ನಮ್ಮ ಅಳಿಯ.

ಗಡುವಿನ ಹಿಂದಿನ ದಿನ ಬೆಳಗ್ಗೆ ಯಂತ್ರ ನನ್ನ ಕಿವಿಗೆ ಬಂತು. ದಿನವೆಲ್ಲ ಹಾಕಿಕೊಂಡೇ ಇದ್ದೆ. ಆದರೆ ನಮ್ಮವರ ಜೊತೆ ಮಾತಿಲ್ಲವಲ್ಲ, ಪರೀಕ್ಷೆ ಹೇಗೆ? ಅಳಿಯ ಮೆಟ್ಟಿಲ ಮೇಲೆ ಕೂತು ಉಗುರು ಕಡಿಯುತ್ತಿದ್ದ. ಸಂಜೆ ಅವನ ಮುಖ ನೋಡಲಾರದೆ ನಾನೇ ಸೋತೆ. ಮಗಳ ಕೈಲಿ ಹೇಳಿಸಿ ನಮ್ಮವರನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿದೆ. ಕೈಗೊಂದು ಕೆಲಸವಿರಲಿ ಎಂದು ಸೂಜಿ ಹಿಡಿದುಕೊಂಡೆ. ಅವತ್ತು ಏನೋ ಹೇಳಿದಿರಲ್ಲ, ಈಗ ಹೇಳಿ ಎಂದೆ.

ಅವರು ಅಳಿಯನನ್ನು ನೋಡಿದರು, ಮಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಮೊದಲನೇ ಸಲ ನಿನ್ನ ಅಂಗಡಿಗೆ ಬಂದಾಗ ನೀನು ನಂಗೆ ಇಷ್ಟ ಆಗ್ಲಿಲ್ಲ."

ಆಗ್ಲಿಲ್ಲ. ಕೊನೆಯ ಲ್ಲ ಕೂಡ ಮಡಿಸಿ ಹೊಲಿದ ಅಂಚಿನ ಹಾಗೆ ಸ್ಪಷ್ಟವಾಗಿ ಕೇಳಿತು. ಅಳಿಯ ಮೆಟ್ಟಿಲಿಂದ ಎದ್ದುಬಂದು, ಕೊನೇದು ಕೇಳಿಸ್ತಾ ಅತ್ತೆ, ಏನು ಕೇಳಿಸ್ತು ಎಂದು ಒಂದೇ ಸಮ ಕೇಳಿದ. ಇಷ್ಟ ಆಗ್ಲಿಲ್ಲ ಎಂದು ಕೇಳಿಸಿತು ಎಂದೆ. ಅವನು ಮಗಳ ಕೈ ಹಿಡಿದು ಕುಣಿದೇಬಿಟ್ಟ. ಗಂಡನಿಗೆ ನಾನು ಇಷ್ಟವಾಗಲಿಲ್ಲವಂತೆ, ಅಳಿಯ ಅದಕ್ಕೆ ಚಪ್ಪಾಳೆ ತಟ್ಟುತ್ತಿದ್ದಾನೆ. ಯಾರಿಗೆ ಬರಬೇಕು ಇಂಥ ಭಾಗ್ಯ? ನಾನು ಅವತ್ತು ತುಂಬಿಸಿಕೊಂಡಿದ್ದೇ ಸರಿಯಾಗಿತ್ತು. ಸರಿಯಾಗಿದ್ದರಿಂದ ದುಃಖ ಕಡಿಮೆಯೇನೂ ಆಗಲಿಲ್ಲ. ಯಂತ್ರ ಕೀಳಲು ಕಿವಿಗೆ ಕೈ ಹಾಕಿದೆ.

ನಮ್ಮವರು ನನ್ನ ಕೈ ಹಿಡಿದುಕೊಂಡರು. ಇನ್ನೂ ಮುಗಿದಿಲ್ಲ ಎಂದರು. ಅವತ್ತೂ ಮುಗಿದಿರಲಿಲ್ಲವಂತೆ, ನಾನೇ ಎದ್ದು ಹೋದೆನಂತೆ. ಆಮೇಲೆ ಅವರು ಹೇಳಿದ್ದನ್ನು ನಾನು ಬಾಲ ಸಮೇತ ಕೇಳಿಸಿಕೊಂಡೆ. ಅವರಿಗೆ ಆಗ ಹೊಸ ಕೆಲಸ, ಯೂನಿಫಾರಮ್ಮಿನ ತೋಳು ಉದ್ದವಾಗಿದೆ ಎಂದು ಸರಿಮಾಡಿಸಲು ಬಂದಿದ್ದರು. ನಾನು ಇದನ್ನು ಹೊಲಿದ ಕತ್ತೆ ಯಾವುದು ಎಂದೆನಂತೆ. ಹೊಲಿದದ್ದು ಅವರ ಸೋದರಮಾವ. ಇಂಥ ಬಾಯಿಬಡುಕಿಯ ಸಹವಾಸ ಜನ್ಮದಲ್ಲಿ ಬೇಡ ಎಂದುಕೊಂಡು ಶರ್ಟು ತೆಗೆದುಕೊಂಡು ಹೋದರು. ಬಸ್ಸಿನಲ್ಲಿ ಕೂತು ನನ್ನ ಬೈಗುಳ ನೆನೆಸಿಕೊಂಡು ನಗು ಬಂತಂತೆ. ಮನೆಗೆ ಹೋದ ಮೇಲೂ ನಗು ಬಂತಂತೆ.

"ಮಾರನೇ ದಿನ ನಾನೇ ಒಂದು ಗುಂಡಿ ಕಿತ್ಕೊಂಡು ನಿನ್ನ ಹತ್ರ ಬಂದೆ," ಎಂದರು. "ಆಮೇಲೆ ಕೀಳ್ತಾನೇ ಇದ್ದೆ. ನೀನು ದಪ್ಪ ದಾರ ಹಾಕೋಕೆ ಶುರು ಮಾಡಿದ್ಮೇಲೆ ಹಲ್ಲಲ್ಲಿ ಕಚ್ಚಿ ಕೀಳ್ಬೇಕಾಯ್ತು."

ನನಗೆ ಆ ಗುಂಡಿಗಳು ನೆನಪಾದವು. ಮೈಮೇಲೆ ಗುಂಡಿ ನಿಲ್ಲದ ಒರಟ ಎಂದುಕೊಂಡು, ಇವನನ್ನು ನೋಡಿಕೊಳ್ಳುವವರು ಯಾರೂ ಇಲ್ಲವಲ್ಲ ಎಂದು ಮರುಗಿ ಮರುಗಿಯೇ ನಾನು ಮದುವೆಗೆ ಒಪ್ಪಿದ್ದು. ಇಷ್ಟು ವರ್ಷ ಸಂಸಾರ ಮಾಡಿದ್ದು ಒಬ್ಬ ಗುಂಡಿಗಳ್ಳನ ಜೊತೆಗೆ. ಸೂಜಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ನನ್ನ ಕಿವಿ ಚೆನ್ನಾಗಿದ್ದಾಗ, ನಿಮ್ಮ ಗಂಟಲೂ ಚೆನ್ನಾಗಿದ್ದಾಗ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಆ ಗಂಟ್ಲಲ್ಲಿ ಹೇಳಿದ್ರೆ ಬೀದಿಗೆಲ್ಲ ಕೇಳಿಸ್ತಿತ್ತಲ್ಲೇ," ಎಂದರು.

ಎಷ್ಟು ಮೆಲ್ಲಗೆ ಎಂದರೆ, ಪಕ್ಕದಲ್ಲೇ ನಿಂತಿದ್ದ ಮಗಳಿಗೆ ಕೇಳಲಿಲ್ಲ. ಏನಂದ್ರು ಅಮ್ಮ ಎಂದು ಅವಳು ಕೇಳಿದಳು. ನಾನು ಹೇಳಲಿಲ್ಲ.

ಅಳಿಯ ಮೆಲ್ಲಗೆ ಹತ್ತಿರ ಬಂದು, ಬ್ಯಾಟರಿ ಎಷ್ಟು ಉಳಿದಿದೆ ಎಂದು ನೋಡಬೇಕು, ಯಂತ್ರ ಒಂದು ನಿಮಿಷ ತೆಗೆದುಕೊಡಿ ಎಂದ. ಅವನ ಕೈ ಮೇಲೆ ಒಂದು ಬಿಟ್ಟೆ. ನಾಳೆ ಬೆಳಗ್ಗೆ ತಗೊಳ್ಳಿ, ಅಲ್ಲೀತನಕ ಜೀವ ಇದ್ದರೆ ನಿಮ್ಮ ಮ್ಯಾನೇಜರಮ್ಮನಿಗೆ ಅದನ್ನೇ ತೋರಿಸಿ ಎಂದೆ. ಮಗಳು ಅವನ ತೋಳು ಹಿಡಿದು ಮಹಡಿಗೆ ಎಳೆದುಕೊಂಡು ಹೋದಳು. ಬೆಳಗ್ಗೆಗೂ ಜೀವ ಇತ್ತು, ಚಿಪ್ಪು ಗೊಂಬೆಯ ಹೊಟ್ಟೆ ಸೇರಲಿಲ್ಲ. ಆದರೆ ಆ ಸಂಜೆ ನನಗೆ ಅದರ ಯೋಚನೆಯೇ ಇರಲಿಲ್ಲ. ಸ್ಟೂಲನ್ನು ಅವರ ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡು ಕೂತು, ಯಾವ ಯಾವ ಗುಂಡಿ ಕಿತ್ತಿರಿ, ಒಂದೂ ಬಿಡದೆ ಹೇಳಿ ಎಂದೆ. ಅವರು ಕಾಲರಿನ ಗುಂಡಿಯಿಂದ ಶುರು ಮಾಡಿದರು.